ಮೊಟ್ಟೆ ಒಡೀಬೇಕಾದ್ರೆ ಬಸ್ಸಿಂದ ಇಳೀರಿ!

ಬಸ್ ಸ್ಟ್ಯಾಂಡಿನಲ್ಲಿ ಮೊಬೈಲು ಹಿಡಿದು ಅತ್ತಿಂದಿತ್ತ ಶತಪಥ ಹಾಕುವ ಹುಡುಗನನ್ನು ಕಂಡರೆ ತಲೆಕೆಟ್ಟಿದೆ ಅಂದ್ಕೋಬೇಡಿ. ಮೊಟ್ಟೆಗೆ ಕಾವು ಕೊಡ್ತಿರಬಹುದು!

ಪೋಕೆಮಾನ್ ಗೋ ಅಂತ ಒಂದು ಆಟ. 2016ರ ಜುಲೈನಲ್ಲಿ ಅಮೆರಿಕದಲ್ಲಿ ಶುರುವಾಗಿ ಅದೇ ಡಿಸೆಂಬರಿಗೆ ಭಾರತಕ್ಕೂ ಬಂತು. ವಿಡಿಯೋ ಗೇಮ್ ಅಂದರೆ ಕೂತಲ್ಲೇ ಕೂತು ಕಣ್ಣು ಹಾಳುಮಾಡ್ಕೊಳ್ಳೋದು ಅಂತ ತಾನೆ ನಮ್ಮ ಲೆಕ್ಕ? ಇದರಲ್ಲಿ ಕೂತವನಿಗೆ ಹೆಚ್ಚೇನೂ ಗಿಟ್ಟದು. ಫೋನಿನ ನಕ್ಷೆಯಲ್ಲಿರುವುದು ನಿಜವಾದ ಬೀದಿಗಳೇ. ಅಲ್ಲಿ ನಡೆದು ಹೋಗಿ ಮಾಯಾಪ್ರಾಣಿಗಳನ್ನು ಹಿಡಿಯಬೇಕು. ಆಟದಲ್ಲಿ ಸಿಕ್ಕ ಮೊಟ್ಟೆ ಒಡೆದು ಮರಿ ಬರಬೇಕಾದರೆ ಮೊಟ್ಟೆಗೆ ತಕ್ಕಂತೆ 2, 5, 10 ಹೀಗೆ ಇಂತಿಷ್ಟು ಕಿಲೋಮೀಟರ್ ನಡೆಯಬೇಕು. ಬಸ್ಸಿನಲ್ಲಿ ಕೂತು ದೂರ ಕದಿಯೋಣವೆಂದರೆ ವಾಹನದ ವೇಗ ಕಂಡೊಡನೆ ಲೆಕ್ಕ ನಿಲ್ಲುತ್ತದೆ. ಕಂಡಕ್ಟರ್ ಕಣ್ಣು ತಪ್ಪಿಸಬಹುದು, ಇದರ ಕಣ್ಣು ತಪ್ಪಿಸೋದು ಕಷ್ಟ. ದೇವಸ್ಥಾನಗಳಲ್ಲಿ ಮೊಟ್ಟೆ ತೋರಿಸ್ತಾರೆ ಅಂತ 2016ರಲ್ಲೇ ಗುಜರಾತ್ ಹೈಕೋರ್ಟಿಗೆ ಅರ್ಜಿಯೂ ಬಿದ್ದಿತ್ತು!

ವ್ಯಾಪಾರಸ್ಥರು ಗಮನಿಸಿ: ಆ ವರ್ಷ ಜಪಾನಿನ ಮೆಕ್‌ಡೊನಾಲ್ಡ್ಸ್‌ನವರು ಸುಮಾರು 3,000 ಹೋಟೆಲುಗಳನ್ನು ಆಟದ ತಾಣ ಮಾಡಿಸಿಕೊಂಡರು. ಇಲ್ಲಿ ರಿಲಯನ್ಸ್‌ನವರು ತಮ್ಮ ಅಂಗಡಿಗಳಿಗೆ ಅದನ್ನೇ ಮಾಡಿದರು. ಗಿರಾಕಿ ತಾನಾಗಿ ಬಾಗಿಲಿಗೆ ನಡೆದು ಬಂದರೆ ಯಾರಿಗೆ ಬೇಡ?

ಆದರೆ ಕಾಲಿಗೆ ಲಾಭವೆಷ್ಟು? ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ 18ರಿಂದ 35ರ ಪ್ರಾಯದವರ ಹೆಜ್ಜೆ ಲೆಕ್ಕಹಾಕಿದರು. ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚು. ಆರನೇ ವಾರಕ್ಕೆ ಯಥಾಪ್ರಕಾರ, ಮೊದಲಿನಷ್ಟೇ! ಜಿಮ್ಮಿಗೆ ದುಡ್ಡು ಕಟ್ಟಿದವರ ಕಥೆಯೂ ಇದೇ ಅಲ್ಲವೇ ಸ್ವಾಮಿ?

ಕಂಪನಿಯವರು ಸುಮ್ಮನಿರಲಿಲ್ಲ. ಒಂಟಿಯಾಗಿ ಆಡುವವನಿಗೆ ಬಗ್ಗದ ದೊಡ್ಡ ಪ್ರಾಣಿಗಳನ್ನು 2017ರಲ್ಲಿ ಬಿಟ್ಟರು. ಕೆಡವಬೇಕಾದರೆ ನಾಲ್ಕಾರು ಮಂದಿ ಒಂದೇ ಜಾಗಕ್ಕೆ ಬರಬೇಕು. ಗುರುತಿಲ್ಲದವರೂ ಪಾರ್ಕುಗಳಲ್ಲಿ ಜತೆಗೂಡಿದರು. 2020ರ ಕೊರೊನಾದಲ್ಲಿ ಮನೆಯಿಂದಲೇ ಸೇರಲು ಪಾಸು ಬಂತು, ಕಾಲಿಗೆ ರಜೆ. 2023ರಲ್ಲಿ ಆ ಪಾಸಿನ ಬೆಲೆ ಏರಿಸಿ, ದಿನಕ್ಕೆ ಐದೇ ಎಂದಾಗ ಆಟಗಾರರು ರೊಚ್ಚಿಗೆದ್ದರು. ನಡೀರಿ ಅಂದಿದ್ದಕ್ಕೇ ಜಗಳ!

ನಾನೂ ಒಂದು ಸಂಜೆ 2 ಕಿಲೋಮೀಟರಿನ ಮೊಟ್ಟೆ ಇಟ್ಕೊಂಡು ನಮ್ಮ ಮಾರ್ಕೆಟ್ ರಸ್ತೆಗೆ ಹೊರಟೆ. ಫುಟ್‌ಪಾತ್ ತುಂಬ ಪ್ಲಾಸ್ಟಿಕ್ ಬಿಂದಿಗೆ, ಅಕ್ಕಿ ಮೂಟೆ, ಸಾಲು ಸ್ಕೂಟರು. ರಸ್ತೆಗಿಳಿದರೆ ಬೆನ್ನಿಗೇ ಆಟೋ ಹಾರನ್ನು. ಮುಕ್ಕಾಲು ಗಂಟೆ ಹಿಡೀತು. ಕೊನೆಗೆ ಮೊಟ್ಟೆ ಒಡೀತಲ್ಲ ಅಂತ ಫೋನು ಎತ್ತಿ ಹಿಡಿದು ನೋಡ್ತಿದ್ದೆ. ಅಂಗಡಿ ಯಜಮಾನರೊಬ್ಬರು ಓಡಿ ಬಂದರು. “ಏನ್ ಸಾರ್, ನಗರಸಭೆಗೆ ಕಳ್ಸಕ್ಕೆ ಫೋಟೋ ಹೊಡೀತಿದ್ದೀರಾ? ಬಿಂದಿಗೆ ಒಳಗಿಡ್ತೀನಿ, ಬಿಡಿ ಸಾರ್!”