ಕಲ್ಯಾಣದ ಶರಣರನ್ನು ಕುರಿತ ಐತಿಹಾಸಿಕ ಕಾದಂಬರಿಗಳ ಸಂಗ್ರಹಯೋಗ್ಯ ಮುದ್ರಣಗಳು

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮೊದಲಾದ ಶರಣರು ಕಲ್ಯಾಣವನ್ನು ಕೇಂದ್ರವಾಗಿಸಿಕೊಂಡು ನಡೆಸಿದ ಧಾರ್ಮಿಕ ಹಾಗೂ ಸಾಮಾಜಿಕ ಚಳವಳಿಯು ಕನ್ನಡದ ಹಲವು ಐತಿಹಾಸಿಕ ಕಾದಂಬರಿಗಳಿಗೆ ವಸ್ತುವಾಗಿದೆ. ಇವುಗಳಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ' ಹೆಚ್ಚು ಪ್ರಸಿದ್ಧವಾದುದು. ಇಂತಹ ಕೃತಿಗಳ ಮೊದಲ ಮುದ್ರಣಗಳನ್ನು ಪುಸ್ತಕಪ್ರಿಯರು ಹುಡುಕಿ ಸಂಗ್ರಹಿಸುತ್ತಾರೆ. ಹಳೆಯ ಪ್ರತಿಯೊಂದರ ಕಾಲವನ್ನು ನಿರ್ಧರಿಸುವ ಬಗೆ, ಅದರ ಸಂಗ್ರಹಮೌಲ್ಯ, ಸಂರಕ್ಷಣೆ ಹಾಗೂ ಮಂಡ್ಯ ಜಿಲ್ಲೆಗೂ ಈ ವಸ್ತುವಿಗೂ ಇರುವ ಸಂಬಂಧ, ಇವು ಈ ಲೇಖನದ ವಿಷಯ.

ಹಿನ್ನೆಲೆ

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಯ ಪರಂಪರೆಯನ್ನು ಸಾಮಾನ್ಯವಾಗಿ ಕೆಂಪುನಾರಾಯಣನ 'ಮುದ್ರಾಮಂಜೂಷ'ದಿಂದ (೧೮೨೩) ಗುರುತಿಸುತ್ತಾರೆ. ಮುಂದೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು 'ಮಾಧವ ಕರುಣಾವಿಲಾಸ'ದಂತಹ ಕೃತಿಗಳನ್ನು ಬರೆದುದಲ್ಲದೆ, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮಾಸ್ತಿ, ತ.ರಾ. ಸುಬ್ಬರಾಯ, ಕೆ.ವಿ. ಅಯ್ಯರ್, ಸಿ.ಕೆ. ನಾಗರಾಜರಾವ್ ಮೊದಲಾದವರು ಈ ಪ್ರಕಾರವನ್ನು ಬೆಳೆಸಿದರು.

ಶರಣರ ಕಾಲವನ್ನು ಕಾದಂಬರಿಯಾಗಿಸಲು ಆಕರಸಾಮಗ್ರಿ ಒದಗಿದ್ದು ವಚನಗಳ ಪ್ರಕಟಣೆಯಿಂದ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (೧೮೮೦–೧೯೬೪) ತಾಡವೋಲೆಗಳಲ್ಲಿ ಹುದುಗಿದ್ದ ವಚನಗಳನ್ನು ಸಂಗ್ರಹಿಸಿ 'ವಚನಶಾಸ್ತ್ರಸಾರ'ವನ್ನು (೧೯೨೩) ಹೊರತಂದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮಠ ಮತ್ತು ಮನೆಗಳ ಕಟ್ಟುಗಳಲ್ಲಿದ್ದ ಸಾಹಿತ್ಯವು ಹೀಗೆ ಸಾಮಾನ್ಯ ಓದುಗರ ಕೈಸೇರಿದ ಬಳಿಕವೇ ಕಾದಂಬರಿಕಾರರು ಕಲ್ಯಾಣದ ಕಡೆಗೆ ತಿರುಗಲು ಸಾಧ್ಯವಾಯಿತು.

ಪ್ರಮುಖ ಕೃತಿಗಳು

ಪತ್ರಕರ್ತರೂ ನಾಟಕಕಾರರೂ ಆಗಿದ್ದ ಬಿ. ಪುಟ್ಟಸ್ವಾಮಯ್ಯನವರು (೧೮೯೭–೧೯೮೪) ಕಲ್ಯಾಣದ ಚರಿತ್ರೆಯನ್ನು ಆರು ಕಾದಂಬರಿಗಳ ಸರಣಿಯಾಗಿ ಬರೆದರು. 'ಉದಯರವಿ', 'ರಾಜ್ಯಪಾಲ', 'ಕಲ್ಯಾಣೇಶ್ವರ', 'ನಾಗಬಂಧ', 'ಮುಗಿಯದ ಕನಸು' ಮತ್ತು 'ಕ್ರಾಂತಿ ಕಲ್ಯಾಣ' ಎಂಬವು ಅವುಗಳ ಹೆಸರುಗಳು. ಕೊನೆಯ ಕೃತಿಗೆ ೧೯೬೪ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕಳಚುರಿ ಬಿಜ್ಜಳನ ಆಳ್ವಿಕೆ, ಅರಮನೆಯ ರಾಜಕಾರಣ ಮತ್ತು ಶರಣರ ಚಳವಳಿ ಇವು ಒಂದಕ್ಕೊಂದು ಹೆಣೆದುಕೊಂಡಿರುವುದು ಸರಣಿಯ ವೈಶಿಷ್ಟ್ಯ.

ಎಚ್. ತಿಪ್ಪೇರುದ್ರಸ್ವಾಮಿಯವರು (೧೯೨೮–೧೯೯೪) ಅಲ್ಲಮಪ್ರಭುವನ್ನು ಕುರಿತು 'ಪರಿಪೂರ್ಣದೆಡೆಗೆ', ಬಸವಣ್ಣನವರನ್ನು ಕುರಿತು 'ಕರ್ತಾರನ ಕಮ್ಮಟ', ಅಕ್ಕಮಹಾದೇವಿಯನ್ನು ಕುರಿತು 'ಕದಳಿಯ ಕರ್ಪೂರ' ಎಂಬ ಕಾದಂಬರಿಗಳನ್ನು ಬರೆದಿದ್ದಾರೆ. ಪುಟ್ಟಸ್ವಾಮಯ್ಯನವರ ದೃಷ್ಟಿ ರಾಜ್ಯದ ಮೇಲಿದ್ದರೆ, ಇವರ ದೃಷ್ಟಿ ಸಾಧಕರ ಅಂತರಂಗದ ಮೇಲಿದೆ.

ಆವೃತ್ತಿ ಮತ್ತು ಮುದ್ರಣ

ಈ ಎರಡು ಪದಗಳನ್ನು ಕನ್ನಡ ಪ್ರಕಾಶಕರು ಒಂದೇ ಅರ್ಥದಲ್ಲಿ ಬಳಸಿರುವುದುಂಟು. ಪಠ್ಯದಲ್ಲಿ ತಿದ್ದುಪಡಿ ಅಥವಾ ಸೇರ್ಪಡೆಯಾಗಿ ಹೊರಬಂದುದು ಹೊಸ ಆವೃತ್ತಿ. ಇದ್ದ ಪಠ್ಯವನ್ನೇ ಮತ್ತೆ ಅಚ್ಚುಹಾಕಿದರೆ ಅದು ಮರುಮುದ್ರಣ. ಸಂಗ್ರಹಕಾರರಿಗೆ ಮೊದಲ ಮುದ್ರಣವೇ ಮುಖ್ಯ. ಆದರೆ ಲೇಖಕರು ಪರಿಷ್ಕರಿಸಿದ ಆವೃತ್ತಿಯಿದ್ದಲ್ಲಿ ಅಭ್ಯಾಸಿಗಳಿಗೆ ಅದೂ ಅಷ್ಟೇ ಮುಖ್ಯ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ಓದಿದಾಗ ಲೇಖಕರು ಯಾವ ಮಾತನ್ನು ಕೈಬಿಟ್ಟರು, ಯಾವುದನ್ನು ಸೇರಿಸಿದರು ಎಂಬುದು ತಿಳಿಯುತ್ತದೆ. ಒಂದು ಧರ್ಮದ ಆರಂಭಕಾಲವನ್ನು ಚಿತ್ರಿಸುವ ಕೃತಿಯಲ್ಲಿ ಇಂತಹ ವ್ಯತ್ಯಾಸಗಳಿಗೆ ವಿಶೇಷ ಮಹತ್ತ್ವವಿದೆ.

ಕಾಲನಿರ್ಣಯದ ಗುರುತುಗಳು

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬೆಲೆ, ಪ್ರಕಾಶಕರು ಮತ್ತು ಮುದ್ರಣಾಲಯದ ಹೆಸರು ಇರುವುದು ವಾಡಿಕೆ. ಆ ಪುಟವೇ ಹರಿದುಹೋಗಿದ್ದರೆ ಕೆಳಗಿನ ಗುರುತುಗಳು ನೆರವಾಗುತ್ತವೆ.

ಬೆಲೆ: ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದದ್ದು ೧೯೫೭ರ ಏಪ್ರಿಲ್ ೧ರಂದು. ಬೆಲೆಯನ್ನು ರೂಪಾಯಿ ಮತ್ತು ಆಣೆಗಳಲ್ಲಿ ಅಚ್ಚುಮಾಡಿದ್ದರೆ ಪುಸ್ತಕವು ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು. ರೂಪಾಯಿಯ ಈಗಿನ ಚಿಹ್ನೆ ೨೦೧೦ರಿಂದ ಈಚೆಗಿನದು.

ವಿಳಾಸ: ಪಿನ್ ಕೋಡ್ ಪದ್ಧತಿ ೧೯೭೨ರ ಆಗಸ್ಟ್ ೧೫ರಂದು ಆರಂಭವಾಯಿತು. ಆರು ಅಂಕಿಗಳ ಪಿನ್ ಇದ್ದರೆ ಆ ಪ್ರತಿ ಅದಕ್ಕಿಂತ ಹಿಂದಿನದಾಗಿರಲಾರದು. 'ಮೈಸೂರು ರಾಜ್ಯ' ಎಂದಿದ್ದರೆ ಸಾಮಾನ್ಯವಾಗಿ ಅದು ೧೯೭೩ರ ನವೆಂಬರ್ ೧ಕ್ಕೆ ಮೊದಲಿನದು.

ಪ್ರಶಸ್ತಿಯ ಉಲ್ಲೇಖ: 'ಕ್ರಾಂತಿ ಕಲ್ಯಾಣ'ದ ಮುಖಪುಟದಲ್ಲಿ ಅಕಾಡೆಮಿ ಪ್ರಶಸ್ತಿಯ ಉಲ್ಲೇಖವಿದ್ದರೆ, ಆ ಮುಖಪುಟ ಪ್ರಶಸ್ತಿಯ ನಂತರ ಸಿದ್ಧವಾದದ್ದು. ಮಾಸ್ತಿಯವರ 'ಚಿಕವೀರ ರಾಜೇಂದ್ರ'ಕ್ಕೂ (೧೯೫೬) ಇದೇ ಮಾತು ಸಲ್ಲುತ್ತದೆ. ಅದಕ್ಕೆ ಸಂದದ್ದು ೧೯೮೩ರ ಜ್ಞಾನಪೀಠ.

ಅಚ್ಚು: ಮೊಳೆ ಜೋಡಿಸಿ ಅಚ್ಚುಹಾಕಿದ ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರದ ಒತ್ತು ತಿಳಿಯುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಪುಟ ನುಣುಪಾಗಿರುತ್ತದೆ. ಒಂದೇ ಸಾಲಿನಲ್ಲಿ ಸವೆದ ಮತ್ತು ಹೊಸ ಮೊಳೆಗಳು ಬೆರೆತಿರುವುದು ಹಳೆಯ ಮುದ್ರಣಾಲಯಗಳ ಸಾಮಾನ್ಯ ಲಕ್ಷಣ.

ಇವುಗಳಲ್ಲಿ ಯಾವುದೇ ಒಂದು ಗುರುತನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಹಳೆಯ ಪ್ರತಿಗೆ ಹೊಸ ರಟ್ಟು ಹಾಕಿಸಿರಬಹುದು. ಬೆಲೆಯ ಮೇಲೆ ಚೀಟಿ ಅಂಟಿಸಿರಬಹುದು.

ಸಂಗ್ರಹಮೌಲ್ಯ

ಪ್ರತಿಯೊಂದರ ಮೌಲ್ಯವು ಅದರ ವಿರಳತೆ, ಸ್ಥಿತಿ, ಮೇಲುಹೊದಿಕೆ ಉಳಿದಿರುವುದು, ಲೇಖಕರ ಹಸ್ತಾಕ್ಷರ ಮತ್ತು ಹಿಂದಿನ ಒಡೆಯರ ಗುರುತು ಇವುಗಳನ್ನು ಅವಲಂಬಿಸಿರುತ್ತದೆ. ಬಹುಸಂಪುಟಗಳ ಸರಣಿಯಲ್ಲಿ ಎಲ್ಲ ಸಂಪುಟಗಳೂ ಮೊದಲ ಮುದ್ರಣದವೇ ಆಗಿ ಒಂದೆಡೆ ದೊರೆಯುವುದು ಕಷ್ಟ. ಓದುಗರು ಬಿಡಿಬಿಡಿಯಾಗಿ ಕೊಂಡಿರುತ್ತಾರೆ. ಎರವಲು ಹೋದ ಸಂಪುಟ ಹಿಂದಿರುಗಿರುವುದಿಲ್ಲ.

ಗ್ರಂಥಾಲಯದ ಮೊಹರು ಬಿದ್ದ ಪ್ರತಿಗಳನ್ನು ಕೊಳ್ಳುವಾಗ ಎಚ್ಚರ ಬೇಕು. ಗ್ರಂಥಾಲಯವು ವಿಧಿವತ್ತಾಗಿ ವಿಲೇವಾರಿ ಮಾಡಿದ ಪ್ರತಿಯನ್ನು ಕೊಳ್ಳಬಹುದು. ಅಂತಹ ಗುರುತಿಲ್ಲದ ಪ್ರತಿಯು ಸಾರ್ವಜನಿಕ ಆಸ್ತಿಯಾಗಿಯೇ ಉಳಿದಿರಬಹುದಾದ್ದರಿಂದ ಅದನ್ನು ಸಂಬಂಧಪಟ್ಟ ಗ್ರಂಥಾಲಯಕ್ಕೆ ಒಪ್ಪಿಸುವುದು ಉಚಿತ.

ಮುಟ್ಟುಗೋಲಿಗೆ ಒಳಗಾದ ಕೃತಿ

ನಂಬಿಕೆಯ ಮೂಲಪುರುಷರನ್ನು ಕುರಿತ ಕಾದಂಬರಿಯು ಕಲ್ಪನೆಗೂ ಶ್ರದ್ಧೆಗೂ ನಡುವಿನ ಘರ್ಷಣೆಗೆ ಎಡೆಮಾಡಿಕೊಡುವುದುಂಟು. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯ ಕೆಲವು ಭಾಗಗಳು ಬಸವಣ್ಣನವರ ಕುಟುಂಬದವರ ಬಗ್ಗೆ ಅವಹೇಳನಕಾರಿಯಾಗಿವೆ ಎಂಬ ಆಕ್ಷೇಪ ಬಂದುದರಿಂದ, ರಾಜ್ಯ ಸರ್ಕಾರವು ೧೯೯೭ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಈ ಕ್ರಮವನ್ನು ಪ್ರಶ್ನಿಸಿ ಬರಗೂರು ರಾಮಚಂದ್ರಪ್ಪ ಮತ್ತಿತರರು ನ್ಯಾಯಾಲಯದ ಮೊರೆಹೋದರು. ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಆಗ ಅನ್ವಯವಾಗಿದ್ದ ದಂಡ ಪ್ರಕ್ರಿಯಾ ಸಂಹಿತೆಯ ೯೫ನೆಯ ಕಲಮಿನ ಪ್ರಕಾರ ಇಂತಹ ಘೋಷಣೆಯು ಕೃತಿಯ ಪ್ರತಿಯೊಂದು ಪ್ರತಿಗೂ ಅನ್ವಯಿಸುತ್ತದೆ. ಆದ್ದರಿಂದ ಮುಟ್ಟುಗೋಲಾದ ಪುಸ್ತಕವನ್ನು 'ಅಪರೂಪದ ಪ್ರತಿ' ಎಂದು ಕೊಳ್ಳುವುದಾಗಲಿ ಮಾರುವುದಾಗಲಿ ಸಾಮಾನ್ಯ ಸಂಗ್ರಹದ ವಿಷಯವಾಗಿ ಉಳಿಯುವುದಿಲ್ಲ.

ಮಂಡ್ಯ ಜಿಲ್ಲೆಯ ಸಂಬಂಧ

ಕಲ್ಯಾಣವು ಮಂಡ್ಯದಿಂದ ಬಹುದೂರದಲ್ಲಿದ್ದರೂ ಅದರ ಕಥೆ ಈ ಪ್ರದೇಶಕ್ಕೆ ಅಚ್ಚಿನ ಮನೆಗಿಂತ ಮೊದಲೇ ಹಾಡಿನ ಮೂಲಕ ಬಂದಿತ್ತು. ಮಂಟೇಸ್ವಾಮಿ ಪರಂಪರೆಯ ಮುಖ್ಯ ಕ್ಷೇತ್ರವಾದ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲಿದೆ. ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಮಂಟೇಸ್ವಾಮಿಯು ಕಲ್ಯಾಣಕ್ಕೆ ಹೋಗಿ ಶರಣರನ್ನೂ ಬಸವಣ್ಣನವರನ್ನೂ ಪರೀಕ್ಷಿಸಿ, ಅನಂತರ ದಕ್ಷಿಣಕ್ಕೆ ಬರುವ ಪ್ರಸಂಗವಿದೆ. ಕಾದಂಬರಿಕಾರರ ಕಲ್ಯಾಣವನ್ನು ಈ ಹಾಡಿನ ಕಲ್ಯಾಣದೊಡನೆ ಹೋಲಿಸಿದರೆ, ಒಂದೇ ಚರಿತ್ರೆಯನ್ನು ವಿದ್ಯಾವಂತರು ಮತ್ತು ಜನಪದರು ಹೇಗೆ ಬೇರೆಬೇರೆಯಾಗಿ ನೆನಪಿಟ್ಟರೆಂಬುದು ಗೋಚರಿಸುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿರುವ ಮಂಟೇಸ್ವಾಮಿ ಕಾವ್ಯದ ಪಠ್ಯವು ಸಂಗ್ರಹದಲ್ಲಿ ಈ ಕಾದಂಬರಿಗಳ ಜೊತೆಗೆ ಇರಬೇಕಾದುದು.

ಮಂಡ್ಯವು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೂರು ಬಾರಿ ನೆಲೆಯಾಗಿದೆ. ೧೯೭೪ರ ಸಮ್ಮೇಳನಕ್ಕೆ ಶರಣ ಸಿದ್ಧರಾಮನನ್ನು ಕುರಿತು ಕಾವ್ಯ ರಚಿಸಿದ ಜಯದೇವಿತಾಯಿ ಲಿಗಾಡೆ ಅಧ್ಯಕ್ಷರಾಗಿದ್ದರು. ಸಮ್ಮೇಳನಾಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಅವರು. ೧೯೯೪ರಲ್ಲಿ ಚದುರಂಗ, ೨೦೨೪ರ ಡಿಸೆಂಬರ್‌ನಲ್ಲಿ ಗೊ.ರು. ಚನ್ನಬಸಪ್ಪ ಅಧ್ಯಕ್ಷತೆ ವಹಿಸಿದ್ದರು. ಸಮ್ಮೇಳನದ ಪುಸ್ತಕ ಮಳಿಗೆಗಳಲ್ಲಿ ಹೊಸ ಪುಸ್ತಕಗಳ ಜೊತೆಗೆ, ಮಾರಾಟವಾಗದೆ ಉಳಿದ ಹಿಂದಿನ ಮುದ್ರಣಗಳೂ ಕೆಲವೊಮ್ಮೆ ದೊರೆಯುವುದರಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಓದುಗರಿಗೆ ಅವು ಒಳ್ಳೆಯ ಅವಕಾಶಗಳಾಗಿದ್ದವು.

ಸಂರಕ್ಷಣೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಅನೇಕ ಪುಸ್ತಕಗಳನ್ನು ಅಗ್ಗದ ಕಾಗದದಲ್ಲಿ ಅಚ್ಚುಹಾಕಲಾಯಿತು. ಅದರಲ್ಲಿರುವ ಆಮ್ಲೀಯ ಅಂಶದಿಂದ ಹಾಳೆಗಳು ಹಳದಿಗಟ್ಟಿ, ಮಡಿಸಿದೊಡನೆ ಮುರಿಯುತ್ತವೆ. ನಾಲೆಯ ನೀರಾವರಿಯಿರುವ ಊರುಗಳಲ್ಲಿ ನೆಲದ ತೇವ ಮತ್ತು ಗೆದ್ದಲು ಮತ್ತೊಂದು ತೊಂದರೆ. ಪುಸ್ತಕಗಳನ್ನು ಗೋಡೆಗೆ ತಾಗದಂತೆ, ನೆಲದಿಂದ ಮೇಲೆ, ಗಾಳಿಯಾಡುವ ಕಪಾಟಿನಲ್ಲಿ ಇಡಬೇಕು. ಬಿಸಿಲಿನಲ್ಲಿ ನೇರವಾಗಿ ಒಣಗಿಸಬಾರದು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು, ಅದರ ಅಂಟು ಕಾಲಕ್ರಮದಲ್ಲಿ ಕಂದುಕಲೆಯಾಗಿ ಅಕ್ಷರಗಳನ್ನು ನುಂಗುತ್ತದೆ. ಮನೆಯ ಹಿರಿಯರು ತೀರಿಕೊಂಡ ಬಳಿಕ ಹಳೆಯ ಪುಸ್ತಕಗಳನ್ನು ರದ್ದಿಗೆ ತೂಗಿಹಾಕುವುದು ಗೆದ್ದಲಿಗಿಂತ ಹೆಚ್ಚಿನ ನಷ್ಟವನ್ನು ಉಂಟುಮಾಡುತ್ತದೆ. ಕೊಡುವ ಮೊದಲು ಶೀರ್ಷಿಕೆ ಪುಟದ ಹಿಂಬದಿಯನ್ನು ಒಮ್ಮೆ ನೋಡುವುದು ಲೇಸು.

ಹಕ್ಕುಸ್ವಾಮ್ಯ

ಭಾರತದಲ್ಲಿ ಸಾಹಿತ್ಯಕೃತಿಯ ಹಕ್ಕುಸ್ವಾಮ್ಯವು ಲೇಖಕರು ನಿಧನರಾದ ಮರುವರ್ಷದಿಂದ ೬೦ ವರ್ಷಗಳವರೆಗೆ ಇರುತ್ತದೆ. ೧೯೪೨ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳು ಈಗ ಸಾರ್ವಜನಿಕವಾಗಿವೆ. ಪುಟ್ಟಸ್ವಾಮಯ್ಯನವರ ಕೃತಿಗಳ ಹಕ್ಕು ೨೦೪೪ರ ಅಂತ್ಯದವರೆಗೆ ಉಳಿಯುತ್ತದೆ. ಹಳೆಯ ಪ್ರತಿಯ ಒಡೆತನವು ಅದನ್ನು ಸ್ಕ್ಯಾನ್ ಮಾಡಿ ಹಂಚುವ ಹಕ್ಕನ್ನು ನೀಡುವುದಿಲ್ಲ.

ಹೊರನಾಡಿನ ಹೋಲಿಕೆ

ಧರ್ಮಸಮುದಾಯವೊಂದರ ಆರಂಭವನ್ನು ಕುರಿತ ಕಾದಂಬರಿಗಳು ಸಂಗ್ರಹಯೋಗ್ಯವಾಗುವುದು ಇತರ ದೇಶಗಳಲ್ಲಿಯೂ ಕಂಡುಬರುತ್ತದೆ. ಅಮೆರಿಕದಲ್ಲಿ ೧೮೩೦ರಲ್ಲಿ ಸ್ಥಾಪನೆಯಾದ ಮಾರ್ಮನ್ ಪಂಥದ ಆರಂಭದ ದಿನಗಳನ್ನು ವಾರ್ಡಿಸ್ ಫಿಶರ್ ಅವರ 'ಚಿಲ್ಡ್ರನ್ ಆಫ್ ಗಾಡ್' (೧೯೩೯) ಚಿತ್ರಿಸುತ್ತದೆ. ಆರ್ಥರ್ ಕಾನನ್ ಡಾಯ್ಲ್ ಅವರ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕಾದಂಬರಿಯ ಒಂದು ಭಾಗ ಅದೇ ಪಂಥದ ವಲಸೆಗಾರರ ನಡುವೆ ನಡೆಯುತ್ತದೆ. ಅದು ಮೊದಲು ಅಚ್ಚಾದ ೧೮೮೭ರ 'ಬೀಟನ್ಸ್ ಕ್ರಿಸ್‌ಮಸ್ ಆ್ಯನ್ಯುಯಲ್' ಸಂಚಿಕೆ ಇಂದು ಅತ್ಯಂತ ಬೆಲೆಬಾಳುವ ಪ್ರತಿಗಳಲ್ಲಿ ಒಂದು.

ವಿದ್ಯಾರ್ಥಿಗಳಿಗೆ ಸೂಚನೆ

ಐತಿಹಾಸಿಕ ಕಾದಂಬರಿಯು ಇತಿಹಾಸಗ್ರಂಥವಲ್ಲ. ಕಲ್ಯಾಣದ ಘಟನೆಗಳಿಗೆ ಶಾಸನಗಳು, ವಚನಗಳು ಮತ್ತು ಸಂಶೋಧನ ಗ್ರಂಥಗಳನ್ನೇ ಆಧಾರವಾಗಿ ಬಳಸಬೇಕು. ಕಾದಂಬರಿಯಿಂದ ಉಲ್ಲೇಖಿಸುವಾಗ ಬಳಸಿದ ಮುದ್ರಣದ ವರ್ಷವನ್ನೂ ಪ್ರಕಾಶಕರ ಹೆಸರನ್ನೂ ತಪ್ಪದೆ ನಮೂದಿಸಬೇಕು. ಮುದ್ರಣ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ. ಪಠ್ಯವೂ ಬದಲಾಗಿರುವ ಸಾಧ್ಯತೆಯಿರುತ್ತದೆ.