ಗಾಳಿಯಲ್ಲಿ ನೆರೆಹೊರೆ

2021ರ ಮಾತು. ಸೋಂಕಿನ ಭಯದಿಂದ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಮೈಸೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಕುಳಿತು ನಾನು ಬಿ.ಎ. ವಿದ್ಯಾರ್ಥಿಗಳಿಗೆ ಪಂಪಭಾರತದ ಪಾಠ ಹೇಳುತ್ತಿದ್ದೆ. ಕರ್ಣನ ಪ್ರಸಂಗ ಕಾವೇರುವಷ್ಟರಲ್ಲಿ ನನ್ನ ಧ್ವನಿ ತುಂಡುತುಂಡಾಗುವುದು. "ಸಾರ್, ಕೇಳಿಸ್ತಿಲ್ಲ" ಎಂಬ ಕೂಗು ಅತ್ತಲಿಂದ ಬರುವುದು. ಸಂಪರ್ಕ ಕೊಟ್ಟವರು ಬಂದು ನೋಡಿ, ತಂತಿಯಲ್ಲಿ ದೋಷವಿಲ್ಲವೆಂದು ಹೇಳಿ ಹೋದರು. ಕಡೆಗೆ ನಾಲ್ಕು ಕೊಂಬುಗಳುಳ್ಳ ಬಲಿಷ್ಠವಾದ ರೌಟರೊಂದನ್ನು ತಂದು, ಎಲ್ಲಿಯೋ ಓದಿದ ಸಲಹೆಯಂತೆ ಯಾರೂ ಬಳಸದಿದ್ದ 3ನೆಯ ಚಾನೆಲ್ಲಿನಲ್ಲಿ ಅದನ್ನು ನೆಲೆಗೊಳಿಸಿದೆ. ಪಾಠ ಸುಸೂತ್ರವಾಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮುಂದಿನ ಭಾನುವಾರ ಮಹಡಿಯ ಮೇಲಿನ ನಿವೃತ್ತ ಮೇಷ್ಟರು ಇಳಿದು ಬಂದರು. ಮಗ ಮೆಲ್ಬರ್ನಿನಲ್ಲಿದ್ದಾನೆ; ವಾರಕ್ಕೊಮ್ಮೆ ಅವನ ಮುಖವನ್ನು ಪರದೆಯ ಮೇಲೆ ಕಂಡರೆ ತಾಯಿಗೆ ಸಮಾಧಾನ. ಆ ವಾರ ಆ ಮುಖ ಅರ್ಧ ಮಾತಿನಲ್ಲಿ ಶಿಲೆಯಂತೆ ನಿಂತುಬಿಟ್ಟಿತ್ತಂತೆ. "ನಿಮ್ಮಲ್ಲೂ ಹೀಗೇನಾ?" ಎಂದು ಸಂಕೋಚದಿಂದ ಕೇಳಿದರು.

ನಮ್ಮಲ್ಲಿ ಹಾಗಿರಲಿಲ್ಲ.

ಎದುರುಮನೆಯ ಹುಡುಗ ಇಂಜಿನಿಯರಿಂಗ್ ವಿದ್ಯಾರ್ಥಿ. ಅವನು ತನ್ನ ಫೋನಿನ ಪರದೆಯ ಮೇಲೆ ನಮ್ಮ ಕಟ್ಟಡದ ಗಾಳಿಯಲ್ಲಿದ್ದ ಹದಿನೇಳು ರೌಟರುಗಳ ಹೆಸರನ್ನು ತೋರಿಸಿದ. (ಜನರು ಇವಕ್ಕಿಡುವ ಹೆಸರುಗಳ ಮೇಲೆಯೇ ಒಂದು ಹಾಸ್ಯಲೇಖನವನ್ನು ಬರೆಯಬಹುದು!) ಒಂದೊಂದು ರೌಟರೂ, ಯಾರೂ ಬಳಸದಿದ್ದಾಗಲೂ, ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನು ಸಾರುತ್ತಲೇ ಇರುತ್ತದೆಯೆಂದು ಆಗ ತಿಳಿಯಿತು. ತಂತಿ ನಮ್ಮದು, ಪೆಟ್ಟಿಗೆ ನಮ್ಮದು. ಗಾಳಿ ಮಾತ್ರ ಹದಿನೇಳು ಮನೆಗಳದು.

ಇಷ್ಟು ಬಾಯಿಗಳು ಒಂದೇ ಅಂಗಳದಲ್ಲಿ ಹೇಗೆ ಮಾತನಾಡುತ್ತವೆ? ಈ ಪ್ರಶ್ನೆಯನ್ನು ಮೊದಲು ಎದುರಿಸಿದವರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಒಬ್ಬರು. ದ್ವೀಪಗಳ ನಡುವೆ ರೇಡಿಯೋ ಮೂಲಕ ಗಣಕಯಂತ್ರಗಳನ್ನು ಬೆಸೆಯಲು 1971ರಲ್ಲಿ ಅವರ ತಂಡ ನಡೆಸಿದ ಅಲೋಹಾನೆಟ್ಟಿನಲ್ಲಿ ನಿಯಮ ಸರಳವಾಗಿತ್ತು: ಮಾತಾಡಬೇಕೆನಿಸಿದಾಗ ಮಾತಾಡು, ಇನ್ನೊಬ್ಬನ ಮಾತಿಗೆ ಡಿಕ್ಕಿಯಾದರೆ, ಮನಬಂದಷ್ಟು ಹೊತ್ತು ಕಾದು ಮತ್ತೆ ಹೇಳು. 1997ರಲ್ಲಿ ಮೊದಲ ಶಿಷ್ಟಸೂತ್ರವನ್ನು ಪಡೆದ ವೈಫೈ, ಮಾತಾಡುವ ಮುನ್ನ ಕಿವಿಗೊಡಬೇಕೆಂಬ ಸೌಜನ್ಯವನ್ನೂ ಸೇರಿಸಿಕೊಂಡಿತು. ರೌಟರು ಮೊದಲು ಆಲಿಸುತ್ತದೆ. ನಿಶ್ಶಬ್ದವಾದರೆ ಮನಸ್ಸಿನಲ್ಲಿಯೇ ಒಂದು ಸಂಖ್ಯೆಯನ್ನು ಆರಿಸಿಕೊಂಡು ಕೆಳಕ್ಕೆ ಎಣಿಸುತ್ತದೆ. ಸೊನ್ನೆಗೆ ಬಂದಾಗ ಬಾಯಿ ತೆರೆಯುತ್ತದೆ. ನೆರೆಯ ರೌಟರುಗಳ ನಡುವಣ ಮೊದಲ ಸಹಕಾರವೆಂದರೆ ಈ ಕಾಯುವಿಕೆಯೇ.

ನನ್ನ ತಪ್ಪು ಎಲ್ಲಿತ್ತು? 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್ಲುಗಳಿವೆ. ಒಂದರಿಂದ ಇನ್ನೊಂದಕ್ಕೆ 5 ಮೆಗಾಹರ್ಟ್ಸ್ ಮಾತ್ರ ಅಂತರ. ಆದರೆ ಒಂದು ರೌಟರಿನ ಮಾತು ಸುಮಾರು 20 ಮೆಗಾಹರ್ಟ್ಸ್ ಅಗಲಕ್ಕೆ ಹರಡುತ್ತದೆ. ಆದ್ದರಿಂದ ಪರಸ್ಪರ ತಾಗದಂತೆ ಕೂರಬೇಕಾದರೆ ಸಾಮಾನ್ಯವಾಗಿ 1, 6, 11, ಈ ಮೂರೇ ಮಣೆಗಳು. ಖಾಲಿಯೆಂದು ನಾನು ಹಿಡಿದ 3ನೆಯ ಮಣೆ ಎರಡು ಮಣೆಗಳ ಮೇಲೆ ಕಾಲು ಚಾಚಿತ್ತು. ಒಂದೇ ಚಾನೆಲ್ಲಿನಲ್ಲಿರುವವರು ಪರಸ್ಪರರ ಮಾತನ್ನು, ಅದು ಕ್ಷೀಣವಾಗಿದ್ದರೂ, ಗುರುತಿಸಿ ಸರದಿ ಬಿಟ್ಟುಕೊಡುತ್ತಾರೆ. ಅರ್ಧ ಒರಗಿ ಬಂದ ನನ್ನ ಮಾತು ಮೇಷ್ಟರ ರೌಟರಿಗೆ ಮಾತಾಗಿ ಕೇಳಿಸದೆ ಬರಿಯ ಗದ್ದಲವಾಗಿತ್ತು. ಗದ್ದಲದೊಡನೆ ಸರದಿಯ ಒಪ್ಪಂದ ಸಾಧ್ಯವೇ? ಜನನಿಬಿಡವಾದ ಚಾನೆಲ್ಲಿನಲ್ಲಿ ಎಲ್ಲರೊಡನೆ ಕಾಯುವುದು, ಖಾಲಿಯೆಂದು ತೋರುವ ಸಂದಿಯಲ್ಲಿ ನುಗ್ಗುವುದಕ್ಕಿಂತ ಮೇಲೆಂಬುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು.

ಹುಡುಗನ ಮಾತಿನಂತೆ ನಾವು ಮನೆಮನೆಗೂ ಹೋಗಿ ಒಂದು ಏರ್ಪಾಡು ಮಾಡಿಕೊಂಡೆವು. ಅಕ್ಕಪಕ್ಕದವರೂ ಮೇಲುಕೆಳಗಿನವರೂ ಸಾಧ್ಯವಾದಷ್ಟು ಬೇರೆಬೇರೆ ಚಾನೆಲ್ಲುಗಳಲ್ಲಿರುವಂತೆ 1, 6, 11ನ್ನು ಹಂಚಿದೆವು. ನನ್ನ ನಾಲ್ಕು ಕೊಂಬಿನ ಪೆಟ್ಟಿಗೆಯ ಶಕ್ತಿಯನ್ನು ತಗ್ಗಿಸಿದೆವು. ರೌಟರಿನ ಸಮೀಪದಲ್ಲಿಯೇ ಇದ್ದ ಟಿ.ವಿ., ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಕಳುಹಿಸಿದೆವು. ಆ ತರಂಗಗಳು ಗೋಡೆಯನ್ನು ಅಷ್ಟು ಸುಲಭವಾಗಿ ದಾಟಲಾರವು. ಒಂಟಿಮನೆಗೆ ಅದು ಕೊರತೆ, ವಠಾರಕ್ಕೆ ವರ. ಕೆಳಮನೆಯ ಗೃಹಿಣಿಯೊಬ್ಬರು, "ನಮ್ಮ ಪಾಸ್‌ವರ್ಡು ಕೊಡಬೇಕೇನ್ರೀ?" ಎಂದು ಆತಂಕಪಟ್ಟರು. ಬೇಕಾಗಿರಲಿಲ್ಲ. ಸರದಿಯನ್ನು ಹಂಚಿಕೊಳ್ಳುವುದಕ್ಕೆ ಬೀಗದಕೈಯನ್ನು ಹಂಚಿಕೊಳ್ಳಬೇಕಾಗಿಲ್ಲ.

ಅದಕ್ಕೂ ಮುಂದೆ ಹೋದವರುಂಟು. ಸ್ಪೇನಿನ ಕ್ಯಾಟಲೋನಿಯಾ ಪ್ರಾಂತದ ಹಳ್ಳಿಗಳಿಗೆ ವೇಗದ ಸಂಪರ್ಕ ದೊರೆಯದಿದ್ದಾಗ, 2004ರಲ್ಲಿ ಅಲ್ಲಿನ ಜನರೇ ಮಾಡುಗಳ ಮೇಲೆ ಆಂಟೆನಾ ನೆಟ್ಟು, ಒಬ್ಬರ ಮಾತನ್ನು ಇನ್ನೊಬ್ಬರು ಸಾಗಿಸುವ 'ಗಿಫಿ'ಜಾಲವನ್ನು ಕಟ್ಟಿದರು. ಇಂದು ಅದರ ಕೇಂದ್ರಗಳು ಮೂವತ್ತು ಸಾವಿರವನ್ನು ಮೀರಿವೆ.

ಈ ನೆರೆಧರ್ಮವನ್ನು ಯಂತ್ರಕ್ಕೇ ಕಲಿಸುವ ಯತ್ನವೂ ಸಾಗಿದೆ. 2021ರಲ್ಲಿ ಅಂಗೀಕೃತವಾದ ವೈಫೈ 6ರ ಸೂತ್ರದಲ್ಲಿ ಪ್ರತಿಯೊಂದು ರೌಟರಿನ ಬಳಗಕ್ಕೂ 'ಬಣ್ಣ'ವೆಂಬ ಗುರುತು ಉಂಟು; 1ರಿಂದ 63ರವರೆಗಿನ ಒಂದು ಸಂಖ್ಯೆ, ಅಷ್ಟೆ. ಕೇಳಿಸಿದ ಮಾತು ಬೇರೆ ಬಣ್ಣದ್ದಾಗಿದ್ದು ಸಾಕಷ್ಟು ಕ್ಷೀಣವಾಗಿದ್ದರೆ, ಅದು ಗೋಡೆಯಾಚೆಯ ಪಿಸುಮಾತೆಂದು ಬಗೆದು ರೌಟರು ತನ್ನ ಕೆಲಸವನ್ನು ಮುಂದುವರಿಸಬಹುದು. ಆದರೆ ದನಿಯನ್ನು ತಗ್ಗಿಸಿಕೊಳ್ಳಬೇಕಾದೀತು. ಈಗ ಸಿದ್ಧವಾಗುತ್ತಿರುವ ವೈಫೈ 8ರಲ್ಲಿ ಸರದಿ ಗೆದ್ದ ರೌಟರು ತನ್ನ ಸಮಯದ ಒಂದು ಪಾಲನ್ನು ನೆರೆಯದಕ್ಕೆ ಬಿಟ್ಟುಕೊಡುವ, ನೆರೆಮನೆಯ ಫೋನಿನತ್ತ ತನ್ನ ತರಂಗ ಬೀಳದಂತೆ ತಿರುಗಿಸಿಕೊಳ್ಳುವ ಉಪಾಯಗಳು ಚರ್ಚೆಯಲ್ಲಿವೆ. ಒಂದೇ ಕಚೇರಿಯ ರೌಟರುಗಳನ್ನು ಹೀಗೆ ಒಪ್ಪಿಸುವುದು ಸುಲಭವಾದೀತು. ಬೇರೆಬೇರೆ ಯಜಮಾನರ ಪೆಟ್ಟಿಗೆಗಳು ಒಂದನ್ನೊಂದು ನಂಬುವಂತೆ ಮಾಡುವುದು ಬೇರೆಯೇ ಮಾತು. ಅಲ್ಲಿ ನನಗೆ ಯಂತ್ರಕ್ಕಿಂತ ಮೇಷ್ಟರಲ್ಲಿಯೇ ಹೆಚ್ಚು ಭರವಸೆ.

ನಮ್ಮ ಮೆಟ್ಟಿಲ ಬಳಿಯ ಮೀಟರುಗಳ ಪಕ್ಕದಲ್ಲಿ ಅವರ ದುಂಡಾದ ಅಕ್ಷರಗಳ ಪಟ್ಟಿಯೊಂದು ಇನ್ನೂ ಅಂಟಿಕೊಂಡಿದೆ: ಮನೆಯ ಸಂಖ್ಯೆ, ಅದರೆದುರು ಚಾನೆಲ್ಲು. ಹೋದ ತಿಂಗಳು ನೆಲಮಹಡಿಗೆ ಹೊಸ ಸಂಸಾರವೊಂದು ಬಂತು. ಭಾನುವಾರ ಮಗನ ಮುಖ ಮತ್ತೆ ನಿಂತಿತು. ಮೇಷ್ಟರು ಹುಡುಗನ ಫೋನನ್ನು ನೋಡಿ, "ಮೂರಕ್ಕೆ ಕೂತಿದ್ದಾರೆ" ಎಂದು ನನ್ನತ್ತ ತಿರುಗಿ ನಕ್ಕರು. ಬಳಿಕ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋಗಿ ಬಾಗಿಲು ತಟ್ಟಿದರು.