ಎರಡರ ಮೇಲೆ, ಎಂಟರ ಕೆಳಗೆ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖ, ಗುಡ್ಡಾಪುರದ ಸುತ್ತಲಿನ ಊರುಗಳಲ್ಲಿ ಮನೆಮಾತು ಕನ್ನಡ, ಸರಕಾರಿ ಕಾಗದವೆಲ್ಲ ಮರಾಠಿ. ಮಹಾರಾಷ್ಟ್ರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗುಳಿಗೆ ಕೊಡುವವರ ಹುದ್ದೆಯ ಹೆಸರು ‘ಔಷಧ ನಿರ್ಮಾಣ ಅಧಿಕಾರಿ’. ಹೆಸರು ಕೇಳಿದರೆ ಒಳಗೊಂದು ಕಾರ್ಖಾನೆಯೇ ನಡೆದಿದೆ ಅನ್ನಿಸಬೇಕು. ಹಳೆಯ ತಲೆಗಳಿಗೆ ಮಾತ್ರ ಅವರು ಇವತ್ತಿಗೂ ಕಂಪೌಂಡರ್ ಸಾಹೇಬ್ರು. ಮಿಕ್ಸ್ಚರ್ ಕಲಸಿ, ಬಾಟಲಿಗೆ ಡೋಸಿನ ಗುರುತಿನ ಕಾಗದ ಅಂಟಿಸಿ ಕೊಡುತ್ತಿದ್ದ ಕಾಲದ ಹೆಸರದು. ಕಲಸುವ ಕೆಲಸ ಹೋಗಿ ಎಷ್ಟೋ ವರ್ಷವಾಯಿತು. ಈಗ ಬಹಳಷ್ಟು ಕಡೆ ಅವರ ಕೊರಳಿಗೆ ಬಿದ್ದಿರುವುದು ಬೇರೊಂದು ಜವಾಬ್ದಾರಿ: ಲಸಿಕೆಯ ಪೆಟ್ಟಿಗೆ.

ಲಸಿಕೆ ಅಂದಕೂಡಲೇ ನಮಗೆ ನೆನಪಾಗುವುದು ಸೂಜಿ ಹಿಡಿದ ನರ್ಸಬಾಯಿ, ಮನೆಮನೆ ತಿರುಗುವ ಆಶಾ ತಾಯಿ. ಕಂಪೌಂಡರ್ ಸೂಜಿ ಹಿಡಿಯುವುದಿಲ್ಲ; ನಮ್ಮ ಲಸಿಕೆ ಕಾರ್ಯಕ್ರಮದಲ್ಲಿ ಅದು ಅವರ ಕೆಲಸವಲ್ಲ. ಆದರೆ ನರ್ಸಬಾಯಿ ಕೈಗೆ ಬರುವ ಸೀಸೆಯಲ್ಲಿ ಲಸಿಕೆಯ ಜೀವ ಉಳಿದಿದೆಯೋ, ಬರೀ ನೀರಾಗಿದೆಯೋ ಎಂಬುದು ಅವರ ಕೋಣೆಯಲ್ಲೇ ತೀರ್ಮಾನವಾಗಿರುತ್ತದೆ.

ಆ ಕೋಣೆಯಲ್ಲಿ ಮೇಲ್ಮುಚ್ಚಳದ ಒಂದು ಬಿಳಿ ಪೆಟ್ಟಿಗೆ ಇರುತ್ತದೆ. ಐಸ್ ಲೈನ್ಡ್ ರೆಫ್ರಿಜರೇಟರ್, ಚಿಕ್ಕದಾಗಿ ಐಎಲ್‌ಆರ್. ಮನೆಯ ಫ್ರಿಜ್ಜಿನ ಬಾಗಿಲು ತೆರೆದರೆ ತಂಪೆಲ್ಲ ಕಾಲಡಿಗೆ ಸುರಿದುಹೋಗುತ್ತದೆ. ಇದರಲ್ಲಿ ಹಾಗಲ್ಲ, ಬಾವಿಯೊಳಗಿನ ನೀರಿನಂತೆ ತಂಪುಗಾಳಿ ತಳದಲ್ಲೇ ನಿಲ್ಲುತ್ತದೆ. ಗೋಡೆಯೊಳಗೆ ಸುತ್ತಲೂ ಮಂಜುಗಡ್ಡೆಯ ಪದರ. ದಿನದ 24 ತಾಸಿನಲ್ಲಿ ಎಂಟು ತಾಸು ಸತತ ಕರೆಂಟು ಕೊಟ್ಟರೂ ಸಾಕು, ಒಳಗಿನ ತಂಪು ಕೆಡುವುದಿಲ್ಲ. ಬೇಸಿಗೆಯಲ್ಲಿ ಕಾದ ಕಬ್ಬಿಣವಾಗುವ ಜತ್ತದಂಥ ಬರದ ತಾಲ್ಲೂಕಿಗೆಂದೇ ಯಾರೋ ಯೋಚಿಸಿ ಮಾಡಿದಂತಿದೆ.

ಒಳಗೆ ಎರಡು ಡಿಗ್ರಿಗಿಂತ ಕೆಳಗಿಳಿಯಬಾರದು, ಎಂಟಕ್ಕಿಂತ ಮೇಲೇರಬಾರದು. ಮೇಲೇರಿದರೆ ಪೋಲಿಯೋ ಹನಿ, ಗೊಬ್ಬರದ ಲಸಿಕೆ ಸೊರಗುತ್ತವೆ. (ದಡಾರಕ್ಕೆ ಈ ಕಡೆ ಗೊಬ್ಬರ ಅನ್ನುತ್ತಾರೆ, ಮರಾಠಿಯವರು ಗೋವರ.) ಕೆಳಗಿಳಿದು ಹೆಪ್ಪುಗಟ್ಟಿದರೆ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ಕೆಡುತ್ತವೆ. ತಂಪು ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ನಮ್ಮೆಲ್ಲರ ತಪ್ಪು ತಿಳಿವಳಿಕೆ. ಮೆಡಿಕಲ್ ಅಂಗಡಿಯಲ್ಲಿ ಲಸಿಕೆ ಕೊಂಡು, ಪ್ಲಾಸ್ಟಿಕ್ ಚೀಲದ ಐಸಿನಲ್ಲಿ ನೇರವಾಗಿ ಹುಗಿದು ಡಾಕ್ಟರ ಹತ್ತಿರ ಓಡುವವರು ಅದೇ ತಪ್ಪು ಮಾಡುತ್ತಾರೆ.

ಲಸಿಕೆ ಹಾಕುವ ದಿನ ಬೆಳಿಗ್ಗೆ ಕಂಪೌಂಡರ್ ಮಾಡುವ ಒಂದು ಕೆಲಸವನ್ನು ನೋಡಬೇಕು. ಡೀಪ್ ಫ್ರೀಜರಿನಿಂದ ಐಸ್‌ಪ್ಯಾಕ್ ತೆಗೆದು ಮೇಜಿನ ಮೇಲೆ ಸಾಲಾಗಿ ಹರಡುತ್ತಾರೆ. ಕಲ್ಲಿನಂತಿದ್ದ ಪ್ಯಾಕಿನ ಮೈ ಮೆಲ್ಲಗೆ ಬೆವರುತ್ತದೆ. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು, ಕೊಬ್ಬರಿಗೆ ತೆಂಗಿನಕಾಯಿ ಆರಿಸುವವರ ಹಾಗೆ ಅಲ್ಲಾಡಿಸುತ್ತಾರೆ. ಒಳಗೆ ನೀರು ಗುಳುಕ್ಕೆಂದರೆ ಸರಿ, ಇಲ್ಲವಾದರೆ ಇನ್ನಷ್ಟು ಹೊತ್ತು ಕಾಯಬೇಕು. ಅಂಥ ನಾಲ್ಕು ಪ್ಯಾಕನ್ನು ಕ್ಯಾರಿಯರಿನ ನಾಲ್ಕು ಮಗ್ಗುಲಿಗೆ ನಿಲ್ಲಿಸಿ ನಡುವೆ ಸೀಸೆಗಳನ್ನು ಇಡುತ್ತಾರೆ. ಅವಸರ ಮಾಡಿ ಗಟ್ಟಿ ಐಸನ್ನೇ ತುಂಬಿದರೆ, ಪೆಂಟಾದ ಸೀಸೆ ಹಳ್ಳಿ ಮುಟ್ಟುವ ಮೊದಲೇ ಹೆಪ್ಪುಗಟ್ಟಿರುತ್ತದೆ. ಆಮೇಲೆ ಕರಗಿದರೆ ನೋಡಿದೊಡನೆ ಗೊತ್ತಾಗುವುದಿಲ್ಲ. ಸೀಸೆಯ ಮೇಲಿನ ಪುಟ್ಟ ಚೌಕ ಶಾಖಕ್ಕೆ ಬಣ್ಣ ತಿರುಗಿ ಚಾಡಿ ಹೇಳುತ್ತದೆ. ಹೆಪ್ಪುಗಟ್ಟಿದ್ದನ್ನು ಅದು ಹೇಳಲಾರದು.

ಶಾಖದ ಜೊತೆಗಿನ ಈ ಜಗಳ ಹಳೆಯದು. ಬೆಳಗಾವಿಯ ಟಿಳಕವಾಡಿಯಲ್ಲಿ ಈಗಲೂ ‘ವ್ಯಾಕ್ಸಿನ್ ಡಿಪೋ’ ಎಂಬ ಜಾಗವಿದೆ, ಜನ ವಾಕಿಂಗಿಗೆ ಹೋಗುತ್ತಾರೆ. ಮುಂಬಯಿ ಪ್ರಾಂತದ ಕಾಲದಲ್ಲಿ ಅಲ್ಲಿ ಕರುಗಳ ಮೈಯಿಂದ ಮೈಲಿಬೇನೆಯ ಲಸಿಕೆ ತೆಗೆಯುತ್ತಿದ್ದರು. ದ್ರವರೂಪದ ಆ ಲಸಿಕೆ ಬಿಸಿಲಿಗೆ ತಡೆಯುತ್ತಿರಲಿಲ್ಲ. ಬಿಸಿಲು ತಾಳುವ ಒಣಪುಡಿಯ ಲಸಿಕೆ ಬಂದಮೇಲೆಯೇ ಮೈಲಿಬೇನೆಯ ಬೆನ್ನು ಮುರಿದದ್ದು. ಭಾರತದಲ್ಲಿ ಅದರ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು.

ಪೆಟ್ಟಿಗೆ ಕಾಯ್ದ ಮಾತ್ರಕ್ಕೆ ಕೂಸುಗಳು ಬರುತ್ತವೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಪಡೆದವರು ಕರ್ನಾಟಕದಲ್ಲಿ ನೂರಕ್ಕೆ 84, ಮಹಾರಾಷ್ಟ್ರದಲ್ಲಿ ಸುಮಾರು 74. ಉಳಿದವರೆಲ್ಲ ಲಸಿಕೆಯ ವೈರಿಗಳಲ್ಲ. ಮೊದಲ ಡೋಸು ಹಾಕಿಸಿ ಮೂರನೆಯದಕ್ಕೆ ಬಾರದವರು ಇವರಲ್ಲಿದ್ದಾರೆ. ಜತ್ತದಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ, ತವರು ವಿಜಯಪುರದ ಕಡೆಯೋ ಅಥಣಿಯ ಕಡೆಯೋ. ಹುಟ್ಟಿದಾಗಿನ ಬಿಸಿಜಿ ಕರ್ನಾಟಕದ ಕನ್ನಡ ಕಾರ್ಡಿನಲ್ಲಿ, ಮುಂದಿನದು ಮಹಾರಾಷ್ಟ್ರದ ಮರಾಠಿ ಕಾರ್ಡಿನಲ್ಲಿ. ದಸರೆ ದಾಟಿತೋ, ಕಬ್ಬು ಕಡಿಯಲು ಟೋಳಿ ಕಟ್ಟಿಕೊಂಡು ಗಂಡ, ಹೆಂಡತಿ, ಕೂಸು ಎಲ್ಲರೂ ಸಕ್ಕರೆ ಕಾರ್ಖಾನೆಯ ಸೀಮೆಗೆ. ಹದಿನಾಲ್ಕನೆಯ ವಾರದ ಆ ಮೂರನೆಯ ಡೋಸು ಯಾರ ಪಟ್ಟಿಯಲ್ಲಿದೆ?

ಇಲ್ಲಿ ಔಷಧದ ಕಿಟಕಿಗೆ ಬೆಲೆ ಬರುತ್ತದೆ. ಡಾಕ್ಟರು ಬದಲಾಗುತ್ತಾರೆ, ಅವರಿಗೆ ಕನ್ನಡ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಯಾವ ರೋಗಿಯೂ ಈ ಕಿಟಕಿ ತಪ್ಪಿಸಿ ಹೋಗಲಾರ. ಅತ್ತೆಯ ಕೆಮ್ಮಿಗೆ ಗುಳಿಗೆ ಒಯ್ಯಲು ಬಂದ ಸೊಸೆ ಕೇಳಿಯೇ ಕೇಳುತ್ತಾಳೆ: “ಸಾಹೇಬ್ರ, ಹ್ವಾದ ಸಲ ಸೂಜಿ ಹಾಕಿಸಿದಾಗ ಕೂಸಿಗೆ ಜ್ವರ ಬಂದಿತ್ರಿ, ಮತ್ತ ಹಾಕಿಸೂದು ಬ್ಯಾಡಂತಾರ ಮನ್ಯಾಗ.” ಪೆಂಟಾ ಹಾಕಿದಮೇಲೆ ಒಂದೆರಡು ದಿನ ಮೈ ಬಿಸಿಯಾಗುವುದು, ತೊಡೆ ಊದುವುದು ಮಾಮೂಲು. “ಅದಕ್ಕ ಅಂಜಬ್ಯಾಡವಾ ತಂಗಿ, ಇನ್ನೆರಡು ಬಾಕಿ ಅದಾವ, ಕಾರ್ಡ್ ತಗೊಂಡು ಬಾ” ಎಂಬ ಒಂದು ಮಾತಿಗೆ ಆಗುವ ಕೆಲಸ ಗೋಡೆಯ ಮರಾಠಿ ಪೋಸ್ಟರಿನಿಂದ ಆಗದು ಎಂದು ನನ್ನ ನಂಬಿಕೆ.

ಹಾಗಾದರೆ ಸೂಜಿಯನ್ನೂ ಇವರ ಕೈಗೇ ಕೊಡಬಹುದಲ್ಲ? ಅಮೆರಿಕದ ಐವತ್ತೂ ರಾಜ್ಯಗಳಲ್ಲಿ 2009ರಿಂದಲೇ ಫಾರ್ಮಸಿಸ್ಟರು ಲಸಿಕೆ ಹಾಕಬಹುದು. ಇಂಗ್ಲೆಂಡಿನಲ್ಲಿ 2015ರಿಂದ ಅರ್ಹರಿಗೆ ಫ್ಲೂ ಲಸಿಕೆ ಊರ ಮೆಡಿಕಲ್ ಅಂಗಡಿಯಲ್ಲೇ ಸರಕಾರದ ಖರ್ಚಿನಲ್ಲಿ ಸಿಗುತ್ತದೆ. ನಮ್ಮಲ್ಲೂ ಅದು ಬರಲಿ ಅನ್ನುವವರಿದ್ದಾರೆ. ದೊಡ್ಡವರ ಲಸಿಕೆಗೆ ಆಗಬಹುದೇನೋ. ಕೂಸುಗಳ ಮಟ್ಟಿಗೆ, ನರ್ಸಬಾಯಿಯ ಸೂಜಿ ಅಲ್ಲೇ ಇರಲಿ, ಕಿಟಕಿಯವರಿಗೆ ಬಾಕಿ ಮಕ್ಕಳ ಪಟ್ಟಿಯನ್ನೂ ಕೊಡಲಿ ಅನ್ನುತ್ತೇನೆ ನಾನು.

ಪೆಟ್ಟಿಗೆಗೆ ರವಿವಾರವಿಲ್ಲ. ಹಬ್ಬವಿರಲಿ, ಜಾತ್ರೆಯಿರಲಿ, ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ ಬರೆಯಬೇಕು. ‘ಈವಿನ್’ ಎಂಬ ವ್ಯವಸ್ಥೆ ಬಂದಮೇಲೆ ತಾಪ ಏರಿದರೆ ಮೊಬೈಲಿಗೇ ಸಂದೇಶ ಬರುತ್ತದೆ, ನಡುರಾತ್ರಿಯಾದರೂ ಸರಿ. ಬಿಸಿಜಿಯ ಒಂದು ಸೀಸೆಯಲ್ಲಿ ಹತ್ತು ಡೋಸು. ಒಂದೇ ಕೂಸು ಬಂದರೂ ಒಡೆಯಬೇಕೆಂಬುದು ನಿಯಮ, ಪುಡಿಗೆ ದ್ರಾವಣ ಬೆರೆಸಿದ ನಾಲ್ಕು ತಾಸಿಗೆ ಉಳಿದದ್ದು ವ್ಯರ್ಥ. ಸಂಜೆ ಕ್ಯಾರಿಯರ್ ತಿರುಗಿ ಬರುತ್ತದೆ. ಕಂಪೌಂಡರ್ ಸೀಸೆಗಳನ್ನು ಎಣಿಸಿ ರಿಜಿಸ್ಟರ್ ತೆರೆಯುತ್ತಾರೆ: ಬಿಸಿಜಿ, ಒಂದು ಸೀಸೆ, ಹಾಕಿದ್ದು ಒಂದು, ಹಾಳಾದದ್ದು ಒಂಬತ್ತು.